ಮೊದಲ ಜಾಲಪುಟಕ್ಕೆ ಯಾವ ತಂತ್ರಾಂಶ?

ಚಿತ್ರೀಕರಣ ಮುಗಿದು ದೀಪಗಳನ್ನು ಆರಿಸುತ್ತಿದ್ದ ಹೊತ್ತು. ಸಭಿಕರ ಸಾಲಿನಲ್ಲಿ ಕುಳಿತಿದ್ದ ಮೈಸೂರಿನ ಪದವಿ ವಿದ್ಯಾರ್ಥಿನಿಯೊಬ್ಬಳು ಹತ್ತಿರ ಬಂದು ಕೇಳಿದಳು: “ಸಾರ್, ನಮ್ಮ ಕಾಲೇಜಿನ ಪರಿಸರ ಸಂಘಕ್ಕೆ ಒಂದು ವೆಬ್‌ಸೈಟ್ ಮಾಡಬೇಕು, ಕನ್ನಡದಲ್ಲಿ. ನನಗೇನೂ ಗೊತ್ತಿಲ್ಲ. ಯಾವ ಸಾಫ್ಟ್‌ವೇರ್ ತಗೊಳ್ಳಲಿ?” ಒಂದು ಹೆಸರು ಹೇಳಿ ಕಳುಹಿಸಬಹುದಿತ್ತು. ಆದರೆ 2000ನೇ ಇಸವಿಯಲ್ಲಿ ಇದೇ ಊರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ನಾನೂ ಇದೇ ಪ್ರಶ್ನೆ ಕೇಳಿ, ಒಂದು ಹೆಸರನ್ನು ಉತ್ತರವಾಗಿ ಪಡೆದು, ಒಂದು ವರ್ಷದ ಬರವಣಿಗೆಯನ್ನು ಕಳೆದುಕೊಂಡವನು. ಹಾಗಾಗಿ ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಜಾಲಪುಟವೆಂದರೆ ಮೂಲತಃ ಸಾದಾ ಪಠ್ಯದ ಕಡತ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಚಿತ್ರ ಎಂದು ತಿಳಿಸುವ ಗುರುತುಗಳು ಅದರ ನಡುನಡುವೆ ಇರುತ್ತವೆ. ಆ ಗುರುತುಗಳ ಭಾಷೆಯೇ ಎಚ್‌ಟಿಎಂಎಲ್. ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1990ರಲ್ಲಿ ಬರೆದ ಮೊದಲ ಬ್ರೌಸರ್ ಓದುವ ಸಾಧನವೂ ಆಗಿತ್ತು, ಬರೆಯುವ ಸಾಧನವೂ ಆಗಿತ್ತು. ಮುಂದೆ ಇವೆರಡೂ ಬೇರೆಯಾದವು. ಬರೆಯುವ ತಂತ್ರಾಂಶಗಳದ್ದೇ ಒಂದು ಮಾರುಕಟ್ಟೆ ಬೆಳೆಯಿತು. 1996ರಲ್ಲಿ ಫ್ರಂಟ್‌ಪೇಜ್ ಮೈಕ್ರೋಸಾಫ್ಟ್‌ನ ಪಾಲಾಯಿತು. 1997ರಲ್ಲಿ ನೆಟ್‌ಸ್ಕೇಪ್‌ನ ಕಂಪೋಸರ್, ಅದೇ ವರ್ಷದ ಕೊನೆಗೆ ಮ್ಯಾಕ್ರೋಮೀಡಿಯಾದ ಡ್ರೀಮ್‌ವೀವರ್ ಬಂದವು. ಗುರುತುಗಳನ್ನು ಕಲಿಯಬೇಕಾಗಿಲ್ಲ, ಪರದೆಯ ಮೇಲೆ ಜೋಡಿಸಿದ್ದೇ ಪುಟವಾಗುತ್ತದೆ ಎಂಬುದು ಇವೆಲ್ಲದರ ಆಕರ್ಷಣೆ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅಂದರೆ ಸಂಪರ್ಕವೂ ಸಾಧನಗಳೂ ನಮ್ಮ ಕೈಗೆ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಬಾರದೆ ಉಳಿದದ್ದು ಕನ್ನಡ.

ಇದು ಹೇಗೆಂದು ತುಸು ನಿಧಾನವಾಗಿ ನೋಡೋಣ. ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಅಂದಿನ ಸಾಮಾನ್ಯ ವ್ಯವಸ್ಥೆಯಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಒಟ್ಟು 256 ಮನೆಗಳು, ಮೊದಲರ್ಧ ಇಂಗ್ಲಿಷಿನದು. ಕನ್ನಡದ ಅಕ್ಷರ, ಗುಣಿತ, ಒತ್ತುಗಳನ್ನೆಲ್ಲ ಒಂದೊಂದು ಆಕೃತಿಯೆಂದು ಎಣಿಸಿದರೆ ಸಾವಿರಾರು ಆಗುತ್ತವೆ. ಆದ್ದರಿಂದ ಅಕ್ಷರವಿನ್ಯಾಸಕರು ಅವನ್ನು ತುಂಡುಗಳಾಗಿ ಒಡೆದು, ತಲೆಕಟ್ಟು, ಕೊಂಬು, ಒತ್ತು ಎಂದು ಬೇರೆ ಮಾಡಿ, ಆ 256 ಮನೆಗಳಲ್ಲೇ ತುರುಕಿದರು. ತಪ್ಪು ಅದಲ್ಲ, ಅದು ಜಾಣತನವೇ. ತೊಂದರೆಯೆಂದರೆ ಒಬ್ಬೊಬ್ಬರು ಒಂದೊಂದು ತುಂಡನ್ನು ಒಂದೊಂದು ಮನೆಯಲ್ಲಿಟ್ಟರು. ಒಬ್ಬರ ಫಾಂಟಿನಲ್ಲಿ ‘ಕ’ ಇದ್ದ ಮನೆಯಲ್ಲಿ ಇನ್ನೊಬ್ಬರ ಫಾಂಟಿನಲ್ಲಿ ಒತ್ತಕ್ಷರ. ಪುಟ ಬರೆದವರ ಫಾಂಟ್ ಓದುವವರ ಯಂತ್ರದಲ್ಲಿ ಇಲ್ಲದಿದ್ದರೆ ತೆರೆಯ ಮೇಲೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ.

ಇದಕ್ಕೆ ಮದ್ದಾಗಿ ಪುಟದ ಜೊತೆಗೇ ಫಾಂಟನ್ನೂ ಕಳುಹಿಸುವ ವಿಧಾನಗಳು ಬಂದವು. ಮೈಕ್ರೋಸಾಫ್ಟ್‌ನದು ಅವರ ಎಕ್ಸ್‌ಪ್ಲೋರರ್‌ನಲ್ಲಿ ನಡೆಯುತ್ತಿತ್ತು, ಬಿಟ್‌ಸ್ಟ್ರೀಮ್ ಕಂಪನಿಯದು ನೆಟ್‌ಸ್ಕೇಪ್‌ನಲ್ಲಿ. ಮೊದಲನೆಯದು ನೆಟ್‌ಸ್ಕೇಪ್‌ನಲ್ಲಿ ನಡೆಯುತ್ತಿರಲಿಲ್ಲ. ಇಂಥ ಕಾಲದಲ್ಲಿ, 1996ರ ಡಿಸೆಂಬರ್‌ನಲ್ಲಿ, ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು ಆರಂಭಿಸಿದರು. ಕನ್ನಡದ ಮೊದಲ ಅಂತರಜಾಲ ಪತ್ರಿಕೆಯೆಂದು ಅದಕ್ಕೆ ಹೆಸರು.

ಈಗ ನನ್ನ ಕಥೆ. ನಮ್ಮ ವಿಜ್ಞಾನ ಸಂಘದವರು ಒಂದು ವರ್ಷ ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಹಕ್ಕಿಗಳನ್ನು ಲೆಕ್ಕ ಹಾಕುತ್ತಿದ್ದೆವು. ಹೆಜ್ಜಾರ್ಲೆ ಎಷ್ಟು, ನೀರುಕಾಗೆ ಎಷ್ಟು, ಯಾವ ತಿಂಗಳಲ್ಲಿ ಯಾವುದು ಬಂತು ಎಂಬ ವಿವರ. ಇದನ್ನು ಜಾಲತಾಣದಲ್ಲಿ ಹಾಕುವ ಹುಮ್ಮಸ್ಸು. ಕಂಪ್ಯೂಟರ್ ತರಬೇತಿ ಕೇಂದ್ರದ ಮೇಷ್ಟ್ರೊಬ್ಬರು “ಫ್ರಂಟ್‌ಪೇಜ್ ಹಾಕ್ಕೊಳ್ಳಿ, ಏನೂ ಕಲಿಯೋದೇ ಬೇಡ” ಎಂದರು. ಕನ್ನಡಕ್ಕೆ ಯಾರೋ ಕೊಟ್ಟ ಒಂದು ಫಾಂಟ್. ಹದಿನಾಲ್ಕು ಪುಟಗಳನ್ನು ನಾನು ಹೀಗೆ ಮಾಡಿದೆ. ಗಣಿತ ವಿಭಾಗದ ಗೆಳೆಯನೊಬ್ಬ ಮಾತ್ರ ನೋಟ್‌ಪ್ಯಾಡಿನಲ್ಲಿ ಗುರುತುಗಳನ್ನು ಕೈಯಾರೆ ಕುಟ್ಟುತ್ತ, ಹಕ್ಕಿಗಳ ಹೆಸರಿನ ಒಂದು ಪಟ್ಟಿಯನ್ನು ಇಂಗ್ಲಿಷಿನಲ್ಲಿ ಮಾಡಿದ. ಅವನ ಪುಟ ಬೋಳಾಗಿತ್ತು, ನಾವು ನಕ್ಕೆವು. ಸರಸ್ವತಿಪುರಂನ ಸೈಬರ್ ಕೆಫೆಯೊಂದರಲ್ಲಿ ಕುಳಿತು ಎಲ್ಲವನ್ನೂ ಜಿಯೋಸಿಟೀಸ್‌ಗೆ ಏರಿಸಿದೆವು. ಉಚಿತ ಜಾಗ ಕೊಡುತ್ತಿದ್ದ ಆ ತಾಣವನ್ನು ಯಾಹೂ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು.

ಕೆಲ ವರ್ಷಗಳ ಹಿಂದೆ ಹಳೆಯ ಫ್ಲಾಪಿಯಿಂದ ಆ ಕಡತಗಳನ್ನು ಹೊರತೆಗೆದೆ. ಗೆಳೆಯನ ಪುಟ ಅಂದು ಇದ್ದಂತೆಯೇ ತೆರೆಯಿತು. ನನ್ನ ಹದಿನಾಲ್ಕೂ ಕಲಸುಮೇಲೋಗರ. ಆ ಫಾಂಟ್ ಈಗ ಯಾರ ಬಳಿಯೂ ಇಲ್ಲ. ಸಂದರ್ಶಕರ ಎಣಿಕೆ, ಪತ್ರ ಬರೆಯುವ ನಮೂನೆ ಮೊದಲಾದವು ಸರ್ವರಿನಲ್ಲಿ ಫ್ರಂಟ್‌ಪೇಜಿನದೇ ವಿಶೇಷ ಜೋಡಣೆ ಇದ್ದರೆ ಮಾತ್ರ ನಡೆಯುವಂಥವು. ಆ ಜೋಡಣೆಯೂ ಕಾಲವಾಗಿತ್ತು. ರೋಸೆಟ್ಟಾ ಶಿಲೆಯ ಸಹಾಯದಿಂದ 1822ರಲ್ಲಿ ಶಾಂಪೋಲಿಯನ್ ಈಜಿಪ್ಟಿನ ಲಿಪಿಯನ್ನು ಓದಿದ್ದನ್ನು ನೀವು ಪಾಠದಲ್ಲಿ ಕೇಳಿರುತ್ತೀರಿ. ನನಗೆ ಗೆಳೆಯನ ಇಂಗ್ಲಿಷ್ ಪಟ್ಟಿಯೇ ಆ ಶಿಲೆಯಾಯಿತು. ಹಕ್ಕಿಗಳ ಕ್ರಮ ಎರಡರಲ್ಲೂ ಒಂದೇ ಆಗಿದ್ದರಿಂದ, ಈ ಜಾಗದಲ್ಲಿ ‘ಹೆಜ್ಜಾರ್ಲೆ’ ಇರಲೇಬೇಕು ಎಂದು ಹಿಡಿದು, ಒಂದೊಂದೇ ತುಂಡಿನ ಸಂಖ್ಯೆಯನ್ನು ಗುರುತಿಸುತ್ತ ಹೋದೆ. ಹನ್ನೊಂದು ಪುಟ ಬಿಡಿಸಿಕೊಂಡವು. ಉಳಿದ ಮೂರರ ಕಡತಗಳೇ ಕೆಟ್ಟಿದ್ದವು. ಚಳಿಗಾಲದ ಎರಡು ತಿಂಗಳ ಲೆಕ್ಕ ಹೋದದ್ದು ಹೋದಂತೆಯೇ.

ಇಲ್ಲಿ ನಮ್ಮ ಊರಿನದೇ ಒಂದು ಹಳೆಯ ಸಂಗತಿ ನೆನಪಾಗುತ್ತದೆ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಅವರದು ಖಾಸಗಿ ಪ್ರಯತ್ನ, ಸಣ್ಣ ಶಕ್ತಿಯ ಪ್ರೇಷಕ. ಆದರೂ ವ್ಯಾಪ್ತಿಯೊಳಗಿನ ಯಾವ ಕಂಪನಿಯ ರೇಡಿಯೋ ಪೆಟ್ಟಿಗೆಯೂ ಅದನ್ನು ಹಿಡಿಯಬಲ್ಲದಾಗಿತ್ತು. ನಮ್ಮ ಹಕ್ಕಿ ಪುಟಗಳಿಗೆ ಆ ಭಾಗ್ಯ ಇರಲಿಲ್ಲ.

ಪರಿಹಾರ ಕಾಗದದ ಮೇಲೆ ಆಗಲೇ ಇತ್ತು ಎಂಬುದು ವಿಚಿತ್ರ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿದ್ದರು. ಅಲ್ಲಿ ‘ಕ’ ಎಂದರೆ 3221, ಯಾವ ಫಾಂಟ್ ಆದರೂ ಸರಿ, ಯಾವ ದೇಶವಾದರೂ ಸರಿ. ತುಂಡುಗಳನ್ನು ಜೋಡಿಸಿ ಗುಣಿತ, ಒತ್ತು ಮೂಡಿಸುವ ಕೆಲಸ ಫಾಂಟಿನದು ಮತ್ತು ಯಂತ್ರದ್ದು, ಬರೆಯುವವರದಲ್ಲ. ಆದರೆ ವಿಂಡೋಸ್‌ನಲ್ಲಿ ಅದು ಕೈಗೂಡಿದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಫಾಂಟಿನೊಂದಿಗೆ. ಅದರ ಹಿಂದಿನ ವಿಂಡೋಸ್ 2000ದಲ್ಲಿ ಹಿಂದಿ, ತಮಿಳು ಇದ್ದವು, ಕನ್ನಡ ಇರಲಿಲ್ಲ. ಈ ನಡುವಿನ ಹತ್ತು ವರ್ಷಗಳಲ್ಲಿ ಕನ್ನಡವನ್ನು ಗಣಕದಲ್ಲಿ ಉಳಿಸಿದ್ದು ಬಿಡಿ ಜನರ ಶ್ರಮ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವನ್ನು ಮರೆಯುವಂತಿಲ್ಲ. ಬರಹ, ನುಡಿಗಳ ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇವೆ. ಹೆಚ್ಚು ಜನ ಬಳಸಿದ್ದಕ್ಕೆ ಸಿಕ್ಕ ಫಲ ಅದು. ನನ್ನ ಅನಾಥ ಫಾಂಟಿಗೆ ಅಂಥದ್ದು ಇರಲಿಲ್ಲ.

ಮುಂದಿನದು ವೇಗವಾಗಿ ನಡೆಯಿತು. 2003ರಲ್ಲಿ ವರ್ಡ್‌ಪ್ರೆಸ್ ಬಂತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರು ಡ್ರೂಪಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ‘ಸಂಪದ’ವನ್ನು ಕಟ್ಟಿದರು. 2016ರ ಮೇ ತಿಂಗಳಲ್ಲಿ ನಮ್ಮ ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನದಿಂದ ‘ಭಾರತವಾಣಿ’ ಜಾಲತಾಣ ಲೋಕಾರ್ಪಣೆಯಾಯಿತು. ಅತ್ತ ಫ್ರಂಟ್‌ಪೇಜ್ 2003ರ ಆವೃತ್ತಿಗೇ ಕೊನೆಗೊಂಡಿತು. ಹುಡುಗರು ಹುಚ್ಚೆದ್ದು ಕಲಿಯುತ್ತಿದ್ದ ಫ್ಲ್ಯಾಶ್ 2020ರ ಅಂತ್ಯಕ್ಕೆ ಕಣ್ಮುಚ್ಚಿತು.

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟು. ಮೊದಲ ಹದಿನೈದು ದಿನ ನೋಟ್‌ಪ್ಯಾಡಿನಂಥ ಸಾದಾ ಸಂಪಾದಕದಲ್ಲೇ ಎರಡು ಪುಟ ಮಾಡು; ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸು. ಗುರುತುಗಳು ಕೈಗೆ ಹತ್ತಿದ ಮೇಲೆ ವರ್ಡ್‌ಪ್ರೆಸ್‌ಗೆ ಹೋಗು, ಸಂಘದಲ್ಲಿ ನಿನ್ನ ನಂತರ ಬರುವವರೂ ಅದನ್ನು ನಡೆಸಬಲ್ಲರು. ಎಳೆದು ಕೂರಿಸುವ ಜಾಹೀರಾತಿನ ಸೇವೆಗಳು ಕೆಟ್ಟವೇನಲ್ಲ. ಆದರೆ ಸೇರುವ ಮೊದಲೇ, ನನ್ನ ಬರಹವನ್ನೆಲ್ಲ ಹೊರಕ್ಕೆ ಕೊಂಡೊಯ್ಯುವ ದಾರಿ ಎಲ್ಲಿದೆ ಎಂದು ಹುಡುಕು. ಸಿಗದಿದ್ದರೆ ಅಲ್ಲಿಗೆ ಹೋಗಬೇಡ. ಯಾವುದನ್ನು ಆರಿಸಿದರೂ ‘ಸ್ತ್ರೀ’, ‘ರಾಷ್ಟ್ರ’, ‘ಅರ್ಥ’ ಎಂದು ಬರೆದು ಮೊಬೈಲಿನಲ್ಲಿ ನೋಡು. ಇಂಗ್ಲಿಷಿಗೆಂದು ಇಟ್ಟ ಸಾಲಿನ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ.

ಎರಡು ವಾರದ ನಂತರ ಅವಳಿಂದ ಸಂದೇಶ ಬಂತು. ಪುಟ ತೆರೆದಿದೆ, ಆದರೆ ‘ರಾಷ್ಟ್ರ’ದ ಕೊನೆಯ ಒತ್ತು ಅರ್ಧ ಕತ್ತರಿಸಿದೆ, ಸಾಲಿನ ಅಂತರ ಎಷ್ಟಿಡಲಿ ಎಂದು ಕೇಳಿದ್ದಳು. 1.8 ಇಟ್ಟು ನೋಡು ಎಂದು ಬರೆದೆ. ಜೊತೆಗೆ ಆ ಹನ್ನೊಂದು ಪುಟಗಳನ್ನೂ ಕಳುಹಿಸಿದೆ. ಅವಳ ಸಂಘದವರೂ ಕುಕ್ಕರಹಳ್ಳಿಯ ಹಕ್ಕಿಗಳನ್ನೇ ಎಣಿಸುತ್ತಿದ್ದಾರಂತೆ.