ತೊಟ್ಟಿಮನೆ: ಮಂಡ್ಯ ಸೀಮೆಯ ಗೃಹಪರಂಪರೆ

ಮದ್ದೂರು ತಾಲ್ಲೂಕಿನ ಅರೆತಿಪ್ಪೂರು ನಮ್ಮ ಸಮಾಜಕ್ಕೆ ಅಪರಿಚಿತವಾದ ಸ್ಥಳವಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ತಲಕಾಡನ್ನು ಗೆದ್ದ ತರುವಾಯ ಅರಸನಿಂದ ತಿಪ್ಪೂರನ್ನು ಪಡೆದು, ಮೇಘಚಂದ್ರ ಸಿದ್ಧಾಂತದೇವರಿಗೆ ದತ್ತಿಯಾಗಿ ಬಿಟ್ಟನೆಂದು ಅಲ್ಲಿನ ಕ್ರಿ.ಶ. 1117ರ ಶಾಸನವು ತಿಳಿಸುತ್ತದೆ. ಬಸದಿಗಳ ಅವಶೇಷಗಳೂ ಬಾಹುಬಲಿಯ ಮೂರ್ತಿಯೂ ಅಲ್ಲಿ ಇಂದಿಗೂ ಇವೆ. ಆದರೆ ಆ ಬಸದಿಗಳಿಗೆ ನಡೆದುಕೊಂಡ ಗೃಹಸ್ಥರ ಮನೆಗಳು ಮಣ್ಣಿನಲ್ಲಿ ಮಣ್ಣಾದವು. ಮನೆಯ ಚರಿತ್ರೆಗೆ ಶಾಸನವಿಲ್ಲ. ನಿಂತಿರುವ ಮನೆಯೇ ಅದಕ್ಕೆ ಶಾಸನ.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಅಂತಹ ಶಾಸನವೆಂದರೆ ತೊಟ್ಟಿಮನೆ. ಬೀದಿಗೆ ಜಗಲಿ, ಹೊಸ್ತಿಲು ದಾಟಿದರೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ನಾಲ್ಕು ಸುತ್ತಿಗೂ ಮರದ ಕಂಬಗಳ ಪಡಸಾಲೆ, ಅದರಾಚೆ ನಡುಮನೆ, ದೇವರ ಕೋಣೆ, ಅಡಿಗೆಮನೆ, ಕೊಟ್ಟಿಗೆ. ಗೆದ್ದಲೂ ತೇವವೂ ತಾಗದಂತೆ ಕಂಬಗಳನ್ನು ಕಲ್ಲಿನ ಪೀಠಗಳ ಮೇಲೆ ನಿಲ್ಲಿಸುತ್ತಿದ್ದರು. ಮಾಡು ಒಳಮುಖವಾಗಿ ಇಳಿದು ಮಳೆನೀರನ್ನು ತೊಟ್ಟಿಗೆ ಸುರಿಸುತ್ತಿತ್ತು. ನೀರು ಕಲ್ಲಿನ ತೂಬಿನಿಂದ ಹೊರಹರಿಯುತ್ತಿತ್ತು. ದಪ್ಪನೆಯ ಮಣ್ಣಿನ ಗೋಡೆಗಳು ಬೇಸಗೆಯಲ್ಲಿ ತಂಪನ್ನು ಕಾಯುತ್ತಿದ್ದವು. ಕಿಟಕಿಗಳು ವಿರಳವಾದ ಈ ಮನೆಗೆ ಬೆಳಕೂ ಗಾಳಿಯೂ ಬರುತ್ತಿದ್ದುದು ತೊಟ್ಟಿಯಿಂದಲೇ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಿಯಮವುಳ್ಳ ನಮ್ಮ ಹಿರಿಯರಿಗೆ ಆ ತೊಟ್ಟಿಯ ಬಿಸಿಲೇ ಗಡಿಯಾರವಾಗಬಲ್ಲುದಾಗಿತ್ತು.

ಕಾಲಕ್ಕೆ ತಕ್ಕಂತೆ ಮನೆಯೂ ಮಾರ್ಪಟ್ಟಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಕುಂಬಾರನ ನಾಡಹೆಂಚಿನ ಸ್ಥಾನಕ್ಕೆ ಮಂಗಳೂರು ಹೆಂಚು ಕ್ರಮೇಣ ಬಂದಿತು. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ರಾಗಿಯ ಸೀಮೆ ಕಬ್ಬು ಭತ್ತಗಳ ಸೀಮೆಯಾಯಿತು. ಒಣನೆಲದಲ್ಲಿ ವರ್ಷಗಟ್ಟಲೆ ರಾಗಿಯನ್ನು ಕಾಪಾಡುತ್ತಿದ್ದ ಹಗೇವು ನೀರಾವರಿಯ ತೇವದ ನೆಲಕ್ಕೆ ಒಗ್ಗುವಂತಹುದಲ್ಲ.

ಇವೆಲ್ಲವನ್ನೂ ತಾಳಿದ ತೊಟ್ಟಿಮನೆಯು ತಾಳಲಾರದ್ದು ಒಂದೇ: ಪಾಲು. ಹೊಲವನ್ನು ಹಂಚಿಕೊಳ್ಳಬಹುದು, ಪಾತ್ರೆಗಳನ್ನು ಎಣಿಸಿಕೊಳ್ಳಬಹುದು, ತೊಟ್ಟಿಯನ್ನು ಹಂಚಿಕೊಳ್ಳುವುದೆಂತು? ಅದರ ನಡುವೆ ಗೋಡೆಯೆದ್ದರೆ ಎರಡು ಕಡೆಗೂ ಕತ್ತಲೆ. ನೀರಿನ ದಾರಿ ಕಟ್ಟಿ ಗೋಡೆಯ ಬುಡ ನೆನೆಯುತ್ತದೆ. ಮಣ್ಣಿನ ಮನೆಯು ವರ್ಷವರ್ಷವೂ ಹೆಂಚು ಕೈಯಾಡಿಸುವವರನ್ನು, ಸಾರಿಸುವವರನ್ನು ಬೇಡುತ್ತದೆ. ಆ ಕೈಗಳು ಪಟ್ಟಣ ಸೇರಿದರೆ ಕೆಲವೇ ಮಳೆಗಾಲಗಳಲ್ಲಿ ಅದು ಕುಸಿಯುತ್ತದೆ.

ಬಸದಿಯೊಂದರ ಪ್ರತಿಷ್ಠೆಗೆ ನಾವೆಲ್ಲರೂ ಒಂದಾಗಿ ಸೇರಿರುವ ಈ ಶುಭಸಂದರ್ಭದಲ್ಲಿ ಒಂದು ವಿನಂತಿ. ಊರಿನಲ್ಲಿ ಹಿರಿಯರ ತೊಟ್ಟಿಮನೆ ಇನ್ನೂ ನಿಂತಿದ್ದರೆ, ಕೆಡಹುವ ಮುನ್ನ ಒಮ್ಮೆ ಅಲ್ಲಿ ಕುಳಿತು ನೋಡಿರಿ. ಉಳಿಸಿಕೊಳ್ಳಲು ಸಾಧ್ಯವಾಗದಿದ್ದಲ್ಲಿ ಅದರ ಅಳತೆಯನ್ನು, ಚಿತ್ರವನ್ನು, ಅದರಲ್ಲಿ ಬಾಳಿದವರ ಹೆಸರುಗಳನ್ನಾದರೂ ಬರೆದಿಡಿರಿ. ತಿಪ್ಪೂರಿನ ಗೃಹಸ್ಥರ ಮನೆಗಳಂತೆ ನಮ್ಮ ಮನೆಗಳೂ ಗುರುತಿಲ್ಲದೆ ಅಳಿಯದಿರಲಿ.