ವಿಧವೆ

‘ಧವ’ನೆಂದರೆ ಪತಿ, ಅವನನ್ನು ಕಳೆದುಕೊಂಡವಳು ‘ವಿ-ಧವೆ’ ಎಂದು ಪಂಡಿತರು ಬಿಡಿಸುವ ಕ್ರಮವು ಯಾಸ್ಕನ ನಿರುಕ್ತದಷ್ಟು ಪ್ರಾಚೀನವಾದುದಾದರೂ, ಲ್ಯಾಟಿನ್ನಿನ ‘ವಿದುವಾ’, ಇಂಗ್ಲಿಷಿನ ‘ವಿಡೋ’ಗಳನ್ನು ಪಕ್ಕದಲ್ಲಿಟ್ಟು ನೋಡಿದ ಭಾಷಾಶಾಸ್ತ್ರಜ್ಞರು, ಅಗಲಿಕೆಯನ್ನು ಸೂಚಿಸುವ ಒಂದೇ ಮೂಲಧಾತುವಿನಿಂದ ಇವೆಲ್ಲ ಹೊರಟವೆಂದೂ, ‘ಧವ’ನೇ ಆಮೇಲೆ ಈ ಪದದೊಳಗಿಂದ ಹುಟ್ಟಿಬಂದವನೆಂದೂ ನಿರ್ಣಯಿಸುತ್ತಾರೆ, ವಿಧವೆಯೇ ಪತಿಗಿಂತ ಮುಂಚಿನವಳೆಂಬುದು ವ್ಯುತ್ಪತ್ತಿಶಾಸ್ತ್ರದ ವಿನೋದ! ಮುಂಡನದ ಕ್ರೌರ್ಯವನ್ನು ಹೊತ್ತ ನಮ್ಮ ‘ಮುಂಡೆ’ಯಂತೂ ಬೈಗುಳವಾಗಿಯೇ ಉಳಿಯಿತು.

ಮುಂಬಯಿಯ ಬೊರಿವಲಿಯ ಕನ್ನಡಿಗನ ಕೈಗೆ ಬರುವ ಮರಾಠಿ ಲಗ್ನಪತ್ರಿಕೆಯಲ್ಲಿ ಸುಮಂಗಲಿಯ ಹೆಸರಿಗೆ ‘ಸೌ.’ ಎಂಬ ಪೂರ್ವಪದವಿದ್ದರೆ, ಪತಿ ತೀರಿಕೊಂಡವಳಿಗೆ ‘ಗಂ. ಭಾ.’, ಅಂದರೆ ಗಂಗಾ ಭಾಗೀರಥಿ; ಗುಜರಾತಿಯಲ್ಲಿ ‘ಗಂ. ಸ್ವ.’, ಗಂಗಾಸ್ವರೂಪ. 2023ರಲ್ಲಿ ಮಹಾರಾಷ್ಟ್ರದ ಸಚಿವರೊಬ್ಬರು ‘ವಿಧವೆ’ಯ ಬದಲು ‘ಗಂಗಾ ಭಾಗೀರಥಿ’ಯನ್ನು ಬಳಸುವ ಪ್ರಸ್ತಾವವನ್ನೆತ್ತಿದಾಗ ಸ್ತ್ರೀಯರೇ ಆಕ್ಷೇಪಿಸಿದರು. ಪುರುಷನಿಗಾದರೋ, ಪತ್ನಿಯಿದ್ದರೂ ಇಲ್ಲದಿದ್ದರೂ ಅದೇ ‘ಶ್ರೀ’.