ಜಡ್ಡುಗಟ್ಟಿದ ಬೆರಳೂ ಸ್ಪರ್ಶಪರದೆಯೂ

ಸ್ಪರ್ಶಪರದೆಯ ಕಥೆಯನ್ನು ಬಹುಮಂದಿ 2007ರ ಐಫೋನಿನಿಂದ ಆರಂಭಿಸುತ್ತಾರೆ. ಕನ್ನಡನಾಡಿನವರು ಅದಕ್ಕೂ ಆರು ವರ್ಷ ಹಿಂದಕ್ಕೆ ಹೋಗಬಹುದು. ಅಂಗೈಯಲ್ಲಿ ಹಿಡಿಯಬಹುದಾದ ‘ಸಿಂಪ್ಯೂಟರ್’ ಎಂಬ ಗಣಕದ ಮಾದರಿ 2001ರಲ್ಲಿ ಬೆಂಗಳೂರಿನಲ್ಲಿ ಹೊರಬಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್ಕೋರ್ ಕಂಪನಿಯ ತಂತ್ರಜ್ಞರೂ ಕೂಡಿ ರೂಪಿಸಿದ ಯಂತ್ರವದು. ಅಕ್ಷರ ಬಾರದವರೂ ಬಳಸುವಂತಿರಬೇಕೆಂಬುದು ಅವರ ಆಶಯ. ಕೀಲಿಮಣೆಯ ಬದಲು ಪರದೆಯನ್ನೇ ಒತ್ತಬೇಕು. ಬರಹವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನೂ ಅದಕ್ಕಾಗಿ ಸಿದ್ಧಪಡಿಸಿದ್ದರು.

ಅದರ ಪರದೆ ‘ರೆಸಿಸ್ಟಿವ್’ ಜಾತಿಯದು. ಮೇಲೆ ಬಾಗುವ ಪ್ಲಾಸ್ಟಿಕ್ ಹಾಳೆ, ಕೆಳಗೆ ಗಾಜು. ಎರಡರ ಒಳಮೈಗೂ ವಿದ್ಯುತ್ ಹರಿಯುವ ಪಾರದರ್ಶಕ ಲೇಪ. ಒತ್ತಿದಲ್ಲಿ ಲೇಪಗಳೆರಡೂ ತಾಗುತ್ತವೆ, ಅಲ್ಲಿನ ವೋಲ್ಟೇಜನ್ನು ಅಳೆದು ಯಂತ್ರವು ಸ್ಥಳವನ್ನು ಗುರುತಿಸುತ್ತದೆ. ಒತ್ತಿದ್ದು ಬೆರಳೋ ಉಗುರೋ ಕಡ್ಡಿಯೋ ಎಂಬ ಭೇದ ಅದಕ್ಕಿಲ್ಲ.

ಇಂದಿನ ಫೋನುಗಳದು ‘ಕೆಪ್ಯಾಸಿಟಿವ್’ ಜಾತಿ. ಹೊಸದೆಂದು ತೋರಿದರೂ ಇದೇ ಹಿರಿಯದು, ಇಂಗ್ಲೆಂಡಿನ ಇ. ಎ. ಜಾನ್ಸನ್ 1965ರಲ್ಲೇ ಇದನ್ನು ಕುರಿತು ಬರೆದಿದ್ದರು. ಇದು ಒತ್ತಡವನ್ನು ಅರಿಯದು. ಗಾಜಿನಡಿಯ ವಿದ್ಯುತ್ ಕ್ಷೇತ್ರವನ್ನು ನಮ್ಮ ಬೆರಳಿನ ತೇವವುಳ್ಳ ಮಾಂಸ ಕದಲಿಸಬೇಕು. ಚರ್ಮ ದಪ್ಪಗಟ್ಟಿ ಒಣಗಿದ್ದರೆ ಆ ಸಂಜ್ಞೆ ಕ್ಷೀಣವಾಗುತ್ತದೆ. ಬೆಳ್ಳಾವಿಯ ಕಡೆ ಕಾಯಿ ಸುಲಿದು ಸುಲಿದು ಬೆರಳು ಜಡ್ಡುಗಟ್ಟಿದ ಹಿರಿಯರು ಎರಡು ಮೂರು ಬಾರಿ ಬಲವಾಗಿ ಒತ್ತಿ, ಕೊನೆಗೆ ಫೋನನ್ನು ಮೊಮ್ಮಗನ ಕೈಗೆ ಕೊಡುತ್ತಾರೆ. ಬ್ಯಾಂಕಿನ ಗುಪ್ತಸಂಖ್ಯೆಯೂ ಜೊತೆಗೇ ಹೋಗುತ್ತದೆ. ತಪ್ಪು ಅವರ ತಿಳಿವಳಿಕೆಯದಲ್ಲ.

ಶಾಲೆಗಳ ಸ್ಮಾರ್ಟ್ ಬೋರ್ಡುಗಳಲ್ಲಿ ಹಲವು ಮೂರನೆಯ ಜಾತಿಯವು. ಅಂಚಿನಿಂದ ಅಂಚಿಗೆ ಹಾಯುವ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅಡ್ಡಗಟ್ಟಿದರಾಯಿತು, ಬೆತ್ತವಾದರೂ ನಡೆಯುತ್ತದೆ! (ಬೆತ್ತಕ್ಕೆ ಈಗ ಉಳಿದಿರುವ ಸದುಪಯೋಗ ಇದೊಂದೇ.)

ರೆಸಿಸ್ಟಿವ್ ಪರದೆ ಸೋತದ್ದು ಅಕಾರಣವಾಗಿಯಲ್ಲ. ಪ್ಲಾಸ್ಟಿಕ್ ಗೀರುಬೀಳುತ್ತಿತ್ತು, ಚಿತ್ರ ಮಸುಕಾಗುತ್ತಿತ್ತು, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸುವುದು ಅದಕ್ಕೆ ಸುಲಭಸಾಧ್ಯವಿರಲಿಲ್ಲ. ಸಿಂಪ್ಯೂಟರ್ ಸೋತದ್ದಾದರೋ ಪರದೆಯಿಂದಲ್ಲ, ಬೆಲೆಯಿಂದ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ದ ಅತಿ ಅಗ್ಗದ ಮಾದರಿಗೇ ಸುಮಾರು 10,000 ರೂಪಾಯಿ, ಸಾಧಾರಣ ಮೊಬೈಲು ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತಿತ್ತು. ಆದರೆ ಯಂತ್ರದೊಡನೆ, ದುಡಿಯುವ ಕೈಯನ್ನು ಎದುರಿಗಿಟ್ಟುಕೊಂಡು ಯೋಚಿಸುವ ಆ ಕ್ರಮವೂ ಮರೆಯಾದದ್ದು ನಷ್ಟವೆಂದೇ ನನ್ನ ಎಣಿಕೆ.

ಬೆರಳ ತುದಿಯನ್ನು ತುಸು ತೇವಮಾಡಿದರೆ ಅನುಕೂಲವಾಗುವುದುಂಟು. ಕೆಲವು ಫೋನುಗಳಲ್ಲಿ ಸ್ಪರ್ಶದ ಸೂಕ್ಷ್ಮತೆಯನ್ನು ಹೆಚ್ಚಿಸುವ ಆಯ್ಕೆಯೂ ಇದೆ. ಸೆಟ್ಟಿಂಗ್ಸ್‌ನ ಒಳಮೂಲೆಯಲ್ಲಿ ಅಡಗಿರುವ ಅದನ್ನು ತಲುಪಲು ಮಾತ್ರ ಅದೇ ಬೆರಳಿನಿಂದ ಐದಾರು ಬಾರಿ ಒತ್ತಬೇಕು.